ಇಪ್ಪತ್ತೋ ಇಪ್ಪತ್ತಾರೋ

ನನಗೆ ಈಚೆಗೆ ಒಂದು ಚಟ ಅಂಟಿಕೊಂಡಿದೆ. ಎಲ್ಲಾದರೂ ಸೈಕಲ್ ನಿಂತಿರುವುದು ಕಂಡರೆ ಅದರ ಚಕ್ರವನ್ನು ಗೇಣು ಹಾಕಿ ಅಳೆಯುವುದು. ನನ್ನ ಗೇಣು ಸರಿಯಾಗಿ ಎಂಟು ಇಂಚು. ಎರಡೂವರೆ ಗೇಣು ಬಂದರೆ ಇಪ್ಪತ್ತರ ಚಕ್ರ, ಮೂರು ದಾಟಿ ಮೇಲೊಂದಿಷ್ಟು ಬಂದರೆ ಇಪ್ಪತ್ತಾರರದು. ಹೋದ ವಾರ ಕುಶಾಲನಗರದ ಬಸ್ ಸ್ಟ್ಯಾಂಡಿನ ಹತ್ತಿರ ಹೀಗೇ ಬಗ್ಗಿ ಅಳೆಯುತ್ತಿದ್ದಾಗ ಸೈಕಲ್ಲಿನ ಯಜಮಾನರು ಬಂದು ಹಿಂದೆ ನಿಂತು, "ಏನಮ್ಮಾ, ಏನಾದ್ರೂ ಬಿದ್ದೋಯ್ತಾ?" ಎಂದರು. ಗಾಬರಿಯಲ್ಲಿ "ಇಲ್ಲ ಇಲ್ಲ, ನಿಮ್ದು ಇಪ್ಪತ್ತಾರು" ಎಂದುಬಿಟ್ಟೆ. ಅವರು ನನ್ನನ್ನೂ ಸೈಕಲ್ಲನ್ನೂ ಒಂದು ಸಲ ನೋಡಿ, ಬೀಗ ತೆಗೆದು, ಹತ್ತುವ ಗೋಜಿಗೂ ಹೋಗದೆ ತಳ್ಳಿಕೊಂಡೇ ಬೇಗಬೇಗ ಹೊರಟುಹೋದರು.

ನೀವೂ ನನಗೆ ತಲೆ ಕೆಟ್ಟಿದೆ ಎಂದುಕೊಂಡರೆ ತಪ್ಪಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಘರ್ಷಣೆ, ವೇಗ, ಜಡತ್ವ ಇವನ್ನೆಲ್ಲ ಎಷ್ಟು ಸಲ ಹೇಳಿಕೊಟ್ಟಿದ್ದೇನೋ, ಪುಸ್ತಕ ತೆರೆಯದೆ ಹೇಳಬಲ್ಲೆ. ಆದರೆ ವೆಲ್ಡಿಂಗ್ ಅಂಗಡಿಯ ಬಾಲನ್ ಒಂದು ದಿನ, "ಟೀಚರೇ, ಚಿಕ್ಕ ಚಕ್ರ ಬೇಗ ಹೋಗ್ತದೋ ದೊಡ್ಡ ಚಕ್ರವೋ?" ಎಂದು ಕೇಳಿದ ಮೇಲೆ ನನ್ನ ಬುದ್ಧಿ ಒಂದು ಕಡೆ ನಿಂತಿಲ್ಲ.

ಅದಕ್ಕೆಲ್ಲ ಕಾರಣ ನಮ್ಮಣ್ಣ.

ಚಂದ್ರಣ್ಣ ನನಗಿಂತ ಏಳು ವರ್ಷ ದೊಡ್ಡವನು. ಸುಂಟಿಕೊಪ್ಪದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಗ್ಗೆ ಕೆಲಸದವರ ಲೈನ್‌ಮನೆಗಳ ಹತ್ತಿರ ಹಾಜರಿ ಹಿಡಿದು, ಯಾವ ಬ್ಲಾಕಿನಲ್ಲಿ ಏನು ಕೆಲಸ, ಯಾರು ಹಣ್ಣು ಕೊಯ್ಯುವ ಪಿಕಿಂಗಿಗೆ, ಯಾರು ಕಳೆ ತೆಗೆಯಲಿಕ್ಕೆ ಎಂದು ನೋಡಿಕೊಳ್ಳುವವನು. ಉಳಿದ ರೈಟರುಗಳೆಲ್ಲ ಬೈಕಿಗೆ ಬಂದರೂ ಅಣ್ಣ ಸೈಕಲ್ ಬಿಡಲಿಲ್ಲ. "ಬೈಕ್ ಸದ್ದಾದ್ರೆ ಪಿಕಿಂಗ್‌ನೋರು ಮುಂಚೇನೇ ಎಚ್ಚರ ಆಗ್ತಾರೆ" ಎನ್ನುತ್ತಿದ್ದ. ಅದು ನೆಪ. ಅವನಿಗೆ ಸೈಕಲ್ ಎಂದರೆ ಪ್ರಾಣ, ಅಷ್ಟೇ.

ಚಿಕ್ಕಂದಿನಿಂದಲೂ ಹಾಗೇ. ನಮ್ಮೂರು ಶನಿವಾರಸಂತೆಯ ಪಕ್ಕ. ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲೇ ಅಪ್ಪನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ, ಸೊಂಟ ಒಂದು ಕಡೆ ತಲೆ ಒಂದು ಕಡೆ ಮಾಡಿಕೊಂಡು ಊರೆಲ್ಲ ಸುತ್ತುತ್ತಿದ್ದ. ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುವ ಕೆಲಸವೂ ಅವನದೇ. ಒಂದು ದಿನ ನನ್ನ ಕಾಲು ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ಇವತ್ತಿಗೂ ಬಲಗಾಲಿನ ಹಿಮ್ಮಡಿಯಲ್ಲಿ ಗುರುತಿದೆ. ಆ ವರ್ಷ ಶಾಲೆ ಮುಗಿಯುವ ತನಕ ಅಣ್ಣ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿ, ತಾನು ಹತ್ತದೆ, ಎರಡು ಮೈಲಿ ಸೈಕಲ್ ತಳ್ಳಿಕೊಂಡೇ ಬಂದ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಇಂಥ ಅಣ್ಣ ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಹಾಸಿಗೆಯಿಂದ ಎದ್ದವನು ಗೋಡೆ ಹಿಡಿದುಕೊಂಡು ಕುಸಿದು ಕೂತ. ಮನೆ ಗಿರಗಿರ ತಿರುಗುತ್ತಿದೆ ಎಂದ. ಮೈಸೂರಿಗೆ ಕರೆದುಕೊಂಡು ಹೋದೆವು. ಕಿವಿಯ ಒಳಗೆ ಸಮತೋಲ ಕಾಯುವ ಭಾಗಕ್ಕೇ ಪೆಟ್ಟಾಗಿದೆ ಎಂದರು ಡಾಕ್ಟರು. "ನಿಧಾನಕ್ಕೆ ಓಡಾಡ್ತೀರಿ, ಭಯ ಇಲ್ಲ. ಎರಡು ಚಕ್ರದ ಗಾಡಿ ಮಾತ್ರ ಇನ್ನು ಬೇಡ." ಅಣ್ಣ ಕೇಳಲಿಲ್ಲ. ಊರಿಗೆ ಬಂದು ತಿಂಗಳೊಳಗೆ ಎರಡು ಸಲ ಸೈಕಲ್ ಹತ್ತಿದ, ಎರಡು ಸಲವೂ ಬಿದ್ದ. ಎರಡನೇ ಸಲ ಮುಳ್ಳುತಂತಿಯ ಬೇಲಿ ಮೇಲೆ. ಆಮೇಲೆ ಕೆಲಸ ಬಿಟ್ಟು, ಕುಶಾಲನಗರದಾಚೆ ಹಾರಂಗಿ ನಾಲೆ ಪಕ್ಕ ಇರುವ ತನ್ನ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವನು ಕೂತೇಬಿಟ್ಟ. ಏನು ಕೇಳಿದರೂ ಹೂಂ, ಇಲ್ಲದಿದ್ದರೆ ಊಹೂಂ. ಕ್ಷೌರದವರು ಕೂಡ ಮನೆಗೇ ಬಂದು ಹೋಗುವ ಹಾಗಾಯಿತು. ನಮ್ಮ ಸರೋಜ ಅತ್ತಿಗೆ ಗಟ್ಟಿ ಹೆಂಗಸು. ಅವರೂ ಮಾತು ಕಡಿಮೆ ಮಾಡಿದ್ದರು.

ಹೋದ ವರ್ಷ ಮಳೆ ಮುಗಿದ ಮೇಲೆ ಒಂದು ದಿನ ಅತ್ತಿಗೆ ಶಾಲೆಗೇ ಫೋನ್ ಮಾಡಿದರು. "ಸುಮಾ, ಸ್ವಲ್ಪ ಬಾ. ಇವ್ರಿಗೆ ಮತ್ತೆ ಜಾಸ್ತಿ ಆದಂಗೆ ಕಾಣುತ್ತೆ."

"ತಲೆ ತಿರುಗ್ತಿದ್ಯಾ?"

"ತಲೆ ತಿರುಗಿದ್ರೆ ಮಾತ್ರೆ ಕೊಡ್ತಿದ್ದೆ. ಯಾರೋ ಮಲ್ಕೊಂಡು ಸೈಕಲ್ ಹೊಡ್ಕೊಂಡು ಹೋದ ಅಂತಿದಾರೆ."

ಓಡಿದೆ. ಅಣ್ಣ ಜಗಲಿಯಲ್ಲಿ ನೆಟ್ಟಗೆ ಕೂತಿದ್ದ. ಕಣ್ಣಲ್ಲಿ ಏನೋ ಹೊಳಪಿತ್ತು. ಔಷಧಿ ತರಲು ಅತ್ತಿಗೆ ಜೊತೆ ದೊಡ್ಡ ರಸ್ತೆಗೆ ಹೋಗಿದ್ದನಂತೆ. ಅತ್ತಿಗೆ ಅಂಗಡಿಯೊಳಗಿದ್ದಾಗ ಇವನು ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ. ಆಗ ಬಿಳಿ ಗಡ್ಡದ ಒಬ್ಬ ವಿದೇಶಿ ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಒರಗಿ, ಕಾಲು ಎರಡೂ ಮುಂದೆ ಚಾಚಿ ಪೆಡಲು ತುಳಿಯುತ್ತ ಬಂದ. "ಮುಂದೆ ಎರಡು ಚಿಕ್ಕ ಚಕ್ರ, ಹಿಂದೆ ಒಂದು. ನಿಂತಾಗ ಕಾಲು ಕೂಡ ಕೆಳಗೆ ಊರಲಿಲ್ಲ ಸುಮಿ. ಅಲ್ಲೇ ಕೂತು ಟೀ ಕುಡಿದ. ಬ್ಯಾಲೆನ್ಸೇ ಬೇಡ ಅದಕ್ಕೆ!" ಎರಡು ವರ್ಷದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅತ್ತಿಗೆ ಬಾಗಿಲ ಹಿಂದಿನಿಂದ ನನಗೆ ಕಣ್ಸನ್ನೆ ಮಾಡುತ್ತಿದ್ದರು. ಅವರ ಅನುಮಾನವೇ ನನಗೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ವಾಪಸ್ಸು ಹೋಗುವಾಗ ಟೀ ಅಂಗಡಿಯಲ್ಲಿ ವಿಚಾರಿಸಿದೆ. "ಹೌದು ಮೇಡಂ, ಎರಡು ಟೀ ಕುಡಿದು ಮಡಿಕೇರಿ ಕಡೆ ಹೋದ" ಎಂದರು. ಆಮೇಲೆ ಫೋನಿನಲ್ಲಿ ಹುಡುಕಿದೆ. ಅದಕ್ಕೆ ರಿಕಂಬೆಂಟ್ ಎನ್ನುತ್ತಾರೆ, ಪ್ರಪಂಚದಲ್ಲಿ ಅದಕ್ಕಾಗಿ ಹುಚ್ಚು ಹಿಡಿದವರು ಬಹಳ ಜನ ಇದ್ದಾರೆ ಎಂದು ಗೊತ್ತಾಯಿತು.

ಬಾಲನ್ ಗೇಟು, ಗ್ರಿಲ್ಲು, ಟ್ರೈಲರ್ ಮಾಡುವವನು. ಅವನ ಅಪ್ಪ ಕೇರಳದಿಂದ ಬಂದವರು, ಇವನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅಣ್ಣನಿಗೆ ಇಂಥದೊಂದು ಮಾಡಿಕೊಡ್ತೀಯಾ ಎಂದು ಫೋನಿನ ಚಿತ್ರ ತೋರಿಸಿದಾಗ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. "ಮಾಡುವ ಟೀಚರೇ. ಮುಂದಕ್ಕೆ ಮಕ್ಕಳ ಸೈಕಲಿನ ಎರಡು ಚಕ್ರ ಉಂಟು ನನ್ನ ಹತ್ರ, ಇಪ್ಪತ್ತಿಂಚು. ಹಿಂದಕ್ಕೆ ಯಾವುದು? ಇಪ್ಪತ್ತೋ, ಇಪ್ಪತ್ತಾರೋ?"

"ಯಾವುದಾದ್ರೆ ಏನು?"

"ಬೇಗ ಹೋಗುವುದು ಯಾವುದು ಅಂತ. ನೀವು ಸೈನ್ಸ್ ಟೀಚರ್ ಅಲ್ವಾ?"

ಮುಂದಿನ ಭಾನುವಾರ ಇಡೀ ನಾನು ನೋಟ್‌ಬುಕ್ ಹಿಡಿದು ಕೂತೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಹಾಗಾಗಿ ಅದೇ ಬೇಗ ಎಂದು ಬರೆದೆ. ಆದರೆ ಅದನ್ನು ಒಂದು ಸುತ್ತು ತಿರುಗಿಸಲು ಕಾಲಿಗೆ ಬಲ ಹೆಚ್ಚು ಬೇಕು. ಚಿಕ್ಕದನ್ನು ತಿರುಗಿಸುವುದು ಸುಲಭ, ಆದರೆ ಹೆಚ್ಚು ಸಲ ತಿರುಗಬೇಕು. ಮಧ್ಯೆ ಗೇರ್ ಇದ್ದರೆ ಈ ಎರಡು ಲೆಕ್ಕವೂ ಅಳಿಸಿಹೋಗುತ್ತವೆ. ಗೇರ್ ಬದಲಿಸಿದರೆ ಮುಗಿಯಿತು, ಚಕ್ರ ಯಾವುದಾದರೂ ಒಂದೇ. ಸರಿ, ಒಂದೇ ಎಂದು ಬರೆದು ಕೆಳಗೆ ಗೆರೆ ಎಳೆದೆ. ಎಳೆದ ಮೇಲೆ ರಸ್ತೆಯ ನೆನಪಾಯಿತು. ನಮ್ಮ ರಸ್ತೆಯ ಗುಂಡಿಗೆ ದೊಡ್ಡ ಚಕ್ರ ಇಳಿಯದೆ ಮೇಲೆಯೇ ದಾಟಿಹೋಗಬಹುದು, ಚಿಕ್ಕದು ಇಳಿದು ಎದ್ದು ಬರಬೇಕು. ಹಾಗಾದರೆ ದೊಡ್ಡದು. ಆದರೆ ಚಿಕ್ಕದು ಹಾಕಿದರೆ ಗಾಡಿ ತಗ್ಗುತ್ತದೆ, ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ. ಹಾಗಾದರೆ ಚಿಕ್ಕದು. ಆದರೆ ಗಾಳಿಯ ತಡೆ ಲೆಕ್ಕಕ್ಕೆ ಬರುವುದು ವೇಗ ಹೆಚ್ಚಾದಾಗ. ನಮ್ಮಣ್ಣ ಹೋಗುವ ವೇಗಕ್ಕೆ ಗಾಳಿ ತಲೆ ಕೆಡಿಸಿಕೊಳ್ಳುತ್ತದೆಯೇ?

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಓಡುವ ಚಕ್ರದ ನೆತ್ತಿ ಗಾಡಿಯ ಎರಡರಷ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ, ನೆಲ ಮುಟ್ಟಿದ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತದೆ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅವತ್ತು ಮಾತ್ರ, ಒಂದೇ ಚಕ್ರ ಒಂದು ಕಡೆ ಓಡಿ ಒಂದು ಕಡೆ ನಿಲ್ಲುವುದು ಹೇಗೆ ಎಂದು ನನಗೇ ಹೊಳೆಯದೆ, ಎದ್ದು ಹೋಗಿ ಬಟ್ಟೆ ಒಗೆದೆ.

"ಎರಡೂ ರೆಡಿ ಮಾಡು ಬಾಲನ್, ಪರೀಕ್ಷೆ ಮಾಡಿ ನೋಡೋಣ" ಎಂದೆ. ಗೊತ್ತಿಲ್ಲ ಎನ್ನುವುದನ್ನು ನಾವು ಟೀಚರುಗಳು ಹೀಗೆ ಹೇಳುತ್ತೇವೆ.

ಗಾಡಿ ತಯಾರಾಗಲು ಒಂದೂವರೆ ತಿಂಗಳು ಹಿಡಿಯಿತು. ಮೂರು ಸೈಕಲ್ಲುಗಳ ಚೈನು ಸೇರಿಸಿ ಒಂದು ಉದ್ದದ ಚೈನು. ಕೂರಲು ನೈಲಾನ್ ಪಟ್ಟಿ ಹೆಣೆದ ಸೀಟು. ಎರಡೂ ಕೈಗಳ ಪಕ್ಕಕ್ಕೆ ಹಿಡಿ, ಅದರಲ್ಲೇ ಬ್ರೇಕು. ಬಾಲನ್ ಫೋನಿನಲ್ಲಿ ನೋಡಿ ನೋಡಿ ನನಗಿಂತ ಹೆಚ್ಚು ತಿಳಿದುಕೊಂಡಿದ್ದ. "ಮಲಗಿದಷ್ಟೂ ಗಾಳಿ ಕಡಿಮೆ ಟೀಚರೇ" ಎಂದು ಸೀಟನ್ನು ಹೆಚ್ಚುಕಡಿಮೆ ಹಾಸಿಗೆಯ ಹಾಗೆ ಮಲಗಿಸಿಬಿಟ್ಟಿದ್ದ.

ಅಣ್ಣ ಅತ್ತಿಗೆ ಜೊತೆ ಅಂಗಡಿಗೆ ಬಂದ. ಶೇವ್ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನಿಧಾನಕ್ಕೆ ಕೂತು ಹಿಂದಕ್ಕೆ ಒರಗಿದ. ತಲೆ ಸೀಟಿಗೆ ತಾಗಿ ಕಣ್ಣು ಮೇಲಕ್ಕೆ ಹೋಯಿತು ನೋಡಿ, ಮುಖ ಬೆಳ್ಳಗಾಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈ ಚಾಚಿ ಬಾಲನ್‌ನ ಅಂಗಿ ಹಿಡಿದುಕೊಂಡ. ಅಂಗಡಿಯ ಸೂರು ಅವನಿಗೆ ತಿರುಗುತ್ತಿತ್ತು. ಅತ್ತಿಗೆ ಬಂದು ಅವನ ಬೆನ್ನಿನ ಹಿಂದೆ ಕೈ ಕೊಟ್ಟು ಎಬ್ಬಿಸಿದರು.

"ಬಿಚ್ಚಿ ಹಾಕು ಬಾಲನ್" ಎಂದ ಅಣ್ಣ. "ಬೇಡ. ಸುಮ್ನೆ ನಿನಗೆ ತೊಂದ್ರೆ."

ಬಾಲನ್ ಸೀಟಿನ ಹಿಂದೆ ಕೂತು ಏನನ್ನೋ ನೋಡಿ, "ಚಂದ್ರಣ್ಣ, ಹತ್ತು ನಿಮಿಷ ಕೊಡಿ" ಎಂದ. ಹತ್ತು ನಿಮಿಷ ಒಂದು ಗಂಟೆಯಾಯಿತು. ಸೀಟಿನ ಕಂಬಿಗೆ ಸಾಲಾಗಿ ತೂತು ಕೊರೆದು, ಬೇಕಾದಷ್ಟು ಎತ್ತಿ ಬೋಲ್ಟ್ ಹಾಕುವ ಹಾಗೆ ಮಾಡಿದ. ಒಂದು ತೂತು ಮೇಲಕ್ಕೆ ಹಾಕಿದ. ಅಣ್ಣ ಕೂತು ತಲೆ ಅಲ್ಲಾಡಿಸಿದ. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಬಂದಾಗ ಅವನ ನೋಟ ನೇರ ರಸ್ತೆಗೆ ಬಂತು.

"ಈಗ ತಿರುಗ್ತಿಲ್ಲ" ಎಂದ.

"ಗಾಳಿ ಸ್ವಲ್ಪ ಜಾಸ್ತಿ ಹಿಡೀತದೆ" ಎಂದ ಬಾಲನ್ ಬೇಜಾರಿನಲ್ಲಿ.

ಅವನ ಬೇಜಾರು ಅಲ್ಲಿಗೇ ನಿಲ್ಲಲಿಲ್ಲ. ಹೋದ ಗಾಳಿಯನ್ನು ವಾಪಸ್ಸು ಗೆಲ್ಲಬೇಕೆಂದು ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಸೀಳಿ ಗಾಡಿಯ ಮುಂದೆ ಮೂತಿಯ ಹಾಗೆ ಕಟ್ಟಿದ. ತಾನೇ ಕೂತು ನಾಲೆ ದಂಡೆ ರಸ್ತೆಯಲ್ಲಿ ಹೊರಟ. ಎದುರುಗಾಳಿಗೆ ಅದು ಒಳ್ಳೆಯದೇ ಇರಬಹುದು, ಆದರೆ ಗದ್ದೆ ಕಡೆಯಿಂದ ಪಕ್ಕಗಾಳಿ ಬೀಸಿದ್ದೇ ಡ್ರಮ್ಮು ಹಾಯಿಯ ಹಾಗೆ ಗಾಳಿ ಹಿಡಿದು, ಬಾಲನ್‌ನನ್ನು ಗಾಡಿ ಸಮೇತ ನಾಲೆಯ ಅಂಚಿಗೆ ಒಯ್ದಿತು. ಕಲ್ಲೊಂದು ಅಡ್ಡ ಸಿಕ್ಕಿದ್ದರಿಂದ ನೀರಿಗೆ ಬೀಳಲಿಲ್ಲ. ಆ ಡ್ರಮ್ಮಿನಲ್ಲಿ ಈಗ ಅತ್ತಿಗೆ ಕೊತ್ತಂಬರಿ ಬೆಳೆಯುತ್ತಾರೆ.

ಅತ್ತಿಗೆಗೆ ಇದ್ದ ಚಿಂತೆಯೇ ಬೇರೆ. ಅಷ್ಟು ತಗ್ಗಿನ ಗಾಡಿ ಬಸ್ಸಿನವರಿಗೆ ಕಾಣುವುದು ಹೇಗೆ? ಎರಡಾಳು ಎತ್ತರದ ಬಿದಿರಿನ ಕೋಲೊಂದನ್ನು ಹಿಂದೆ ಕಟ್ಟಿ, ತಮ್ಮ ಹಳೆಯ ಕೆಂಪು ಸೀರೆಯ ಅರ್ಧ ಹರಿದು ಅದಕ್ಕೆ ಸಿಕ್ಕಿಸಿದರು. "ಅಕ್ಕಾ, ಅದು ಗಾಳಿ ಹಿಡೀತದೆ" ಎಂದು ಬಾಲನ್ ಗೋಗರೆದ. "ಗಾಳಿ ಹಿಡಿದ್ರೆ ಹಿಡೀಲಿ, ಬಸ್ಸು ಹಿಡೀಬಾರದು" ಎಂದರು ಅತ್ತಿಗೆ. ಬಾವುಟ ಉಳಿಯಿತು. ಬಹಳ ಹಟ ಮಾಡಿದ ಮೇಲೆ ಒಂದು ಗೇಣು ಚಿಕ್ಕದಾಯಿತು.

ಇನ್ನು ನನ್ನ ಪರೀಕ್ಷೆ. ಅಣ್ಣನ ಮನೆಯ ಹತ್ತಿರ ನಾಲೆ ಸೇತುವೆಯಿಂದ ಒಂದು ಸಣ್ಣ ಇಳಿಜಾರು ಶುರುವಾಗುತ್ತದೆ, ಆಮೇಲೆ ಉದ್ದಕ್ಕೂ ಸಮತಟ್ಟು. ಗಾಡಿಗಳ ಓಡಾಟ ಇಲ್ಲ. ಅಣ್ಣ ಗಾಡಿಯಲ್ಲಿ ಕೂತು, ಇಳಿಜಾರಿನ ಮೇಲಿನಿಂದ ಪೆಡಲು ತುಳಿಯದೆ ಸುಮ್ಮನೆ ಬಿಡಬೇಕು. ತುಳಿಯದಿದ್ದರೆ ಗೇರಿನ ಗೊಂದಲ ಇರುವುದಿಲ್ಲ. ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಹೆಚ್ಚು ದೂರ ಹೋದ ಚಕ್ರವೇ ಗೆದ್ದ ಹಾಗೆ. ಅತ್ತಿಗೆ ಸ್ಟಾಪ್‌ವಾಚು ಹಿಡಿದು ನಿಂತರು.

ಮೊದಲ ಶನಿವಾರ ಇಪ್ಪತ್ತರ ಚಕ್ರ ದೂರ ಹೋಯಿತು. "ನೋಡಿದ್ರಾ, ತಗ್ಗಿದಷ್ಟೂ ಒಳ್ಳೆಯದು" ಎಂದೆ. ಭಾನುವಾರ ಇಪ್ಪತ್ತಾರು ದೂರ ಹೋಯಿತು. "ಅದೇ, ಗುಂಡಿ ದಾಟುವ ಲೆಕ್ಕ" ಎಂದೆ. ಮುಂದಿನ ವಾರ ಎರಡೂ ಒಂದೇ ಕಡೆ ನಿಂತವು. ಅದರ ಮುಂದಿನ ವಾರ ಗಾಳಿ ಹಿಂದಿನಿಂದ ಬೀಸುತ್ತಿದ್ದರೂ ಗಾಡಿ ಹಿಂದಿನ ಎಲ್ಲ ಗೆರೆಗಳಿಗಿಂತ ಹಿಂದೆಯೇ ನಿಂತುಬಿಟ್ಟಿತು. ಟೈರಿಗೆ ಗಾಳಿ ಹೊಡೆಸಿದೆ. ಎಣ್ಣೆ ಬಿಟ್ಟೆ. ಬಾವುಟ ಬಿಚ್ಚಿಸಿದೆ, ಅತ್ತಿಗೆ ಮತ್ತೆ ಕಟ್ಟಿದರು. ಅಣ್ಣ ಬೆಳಗ್ಗೆ ಎಷ್ಟು ಅಕ್ಕಿರೊಟ್ಟಿ ತಿಂದ ಎಂದೂ ಬರೆದಿಟ್ಟೆ. ರಸ್ತೆಯ ತುಂಬ ಬಿಳಿ ಗೆರೆಗಳಾಗಿ ದಾರಿಹೋಕರು ಇಲ್ಲೇನು ಹೊಸ ಕಾಮಗಾರಿ ಎಂದು ಕೇಳತೊಡಗಿದರು. ನನ್ನ ನೋಟ್‌ಬುಕ್ಕಿನ ಅಂಕಿಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಅಣ್ಣ ಪ್ರತಿ ಸಲ ಗಾಡಿ ನಿಂತ ಮೇಲೆ, "ಸಾಕಾ?" ಎಂದು ಕೇಳುತ್ತಿದ್ದ. "ಇನ್ನೊಂದು ಸಲ ಅಣ್ಣ" ಎನ್ನುತ್ತಿದ್ದೆ. ಬಾಯಿ ಮುಚ್ಚಿಕೊಂಡು ಮತ್ತೆ ಮೇಲಕ್ಕೆ ತಳ್ಳಿಕೊಂಡು ಹೋಗುತ್ತಿದ್ದ.

ನಾಲ್ಕನೇ ವಾರ ತಾಳ್ಮೆ ಕೆಟ್ಟು, "ಏಳು ಅಣ್ಣ, ನಾನೇ ಕೂರ್ತೀನಿ" ಎಂದೆ.

ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಕೂತೆ. ನೆಲ ಒಂದು ಗೇಣು ಕೆಳಗಿತ್ತು ಅಷ್ಟೇ. ಅತ್ತಿಗೆ ಹಿಂದಿನಿಂದ ಸಣ್ಣಗೆ ನೂಕಿದರು. ಗಾಡಿ ಇಳಿಯತೊಡಗಿದ್ದೇ ನನ್ನ ವಿಜ್ಞಾನವೆಲ್ಲ ಕಿವಿಯ ಪಕ್ಕದಿಂದ ಹಾರಿಹೋಯಿತು. ರಸ್ತೆಯ ಜಲ್ಲಿಕಲ್ಲುಗಳು ಕಣ್ಣಿನ ಮುಂದೆಯೇ ಓಡಿ ಬಂದು ಪಕ್ಕಕ್ಕೆ ಸಿಡಿಯುತ್ತಿದ್ದವು. ಗಾಳಿ ಕಾಲಿನ ಅಡಿಗೆ ಬಡಿದು ಮೈಮೇಲೆ ಜಾರಿ ಹೋಗುತ್ತಿತ್ತು. ವಿಮಾನದಲ್ಲಿ ಕೂತಾಗಲೂ ಅಷ್ಟು ವೇಗ ಅನ್ನಿಸಿರಲಿಲ್ಲ. ಸೀಮೆಸುಣ್ಣದ ಗೆರೆಗಳು ಒಂದೊಂದೇ ಕೆಳಗೆ ಸರಿದುಹೋದವು, ಕೊನೆಯ ಗೆರೆಯೂ ಹೋಯಿತು, ಗಾಡಿ ನಿಲ್ಲುವ ಲಕ್ಷಣವೇ ಇಲ್ಲ. ಕಿರುಚಿದೆ. ಬ್ರೇಕು ಎಲ್ಲಿದೆ ಎಂದು ಮರೆತು, ಹಿಡಿಯನ್ನು ಎಳೆದೆ. ಗಾಡಿ ರಸ್ತೆ ಬಿಟ್ಟು, ಶುಂಠಿ ಕಿತ್ತು ಹಾಕಿದ್ದ ಸಡಿಲ ಮಣ್ಣಿನ ಹೊಲಕ್ಕೆ ಇಳಿದು ನಿಂತಿತು. ಬಾಯಿ ತುಂಬ ಮಣ್ಣು, ತಲೆಯ ಮೇಲೆ ಕೆಂಪು ಬಾವುಟ.

ಅಣ್ಣ, ಅತ್ತಿಗೆ ಇಬ್ಬರೂ ಬಂದರು. ಅತ್ತಿಗೆ ನನ್ನನ್ನು ಎಬ್ಬಿಸಿ ಕೊಡವಿದರು. ಆಮೇಲೆ ಸ್ಟಾಪ್‌ವಾಚು ನೋಡಿ ಸಮಯ ಹೇಳಿದರು. ಲೆಕ್ಕ ಹಾಕಿದರೆ ಏನೇನೂ ಅಲ್ಲ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ಹೋಗುವಷ್ಟು ವೇಗ. ಆದರೆ ದೂರ ಮಾತ್ರ ಅಣ್ಣ ಹೋದದ್ದರ ಎರಡರಷ್ಟು!

"ಇದು ಹೇಗಾಯ್ತು?" ಎಂದೆ. "ನಾನು ನಿನಗಿಂತ ಹಗುರ. ಚಕ್ರ ಅದೇ. ಗಾಳಿ ಅದೇ. ಹಗುರ ಇದ್ದೋರು ಬೇಗ ನಿಲ್ಲಬೇಕಲ್ವಾ? ನನಗೆ ಒಂದೂ ಅರ್ಥ ಆಗ್ತಿಲ್ಲ."

ಅಣ್ಣ ಹೊಲದ ಬದುವಿನ ಮೇಲೆ ಕೂತ. ಸ್ವಲ್ಪ ಹೊತ್ತು ಕೈಬೆರಳುಗಳನ್ನು ನೋಡಿಕೊಂಡ.

"ಸುಮಿ, ನಿನ್ನ ಲೆಕ್ಕ ಎಲ್ಲಾ ಸುಳ್ಳು ಕಣೆ" ಎಂದ. "ನಾನು ಬ್ರೇಕ್ ಹಿಡ್ಕೊಂಡೇ ಬರ್ತಿದ್ದೆ."

"ಯಾವತ್ತು?"

"ಎಲ್ಲಾ ದಿನಾನೂ. ಎರಡು ಬೆರಳು ಹಾಕಿ ಸಣ್ಣಕೆ. ಒಂದೊಂದು ದಿನ ಜಾಸ್ತಿ ಹೆದರಿಕೆ, ಒಂದೊಂದು ದಿನ ಕಮ್ಮಿ. ಬಿಟ್ರೆ ಎಲ್ಲಿ ಬೇಲಿ ಮೇಲೆ ಹೋಗ್ತೀನೋ ಅಂತ."

"ಹೇಳಬಾರದಿತ್ತಾ ಅಣ್ಣ?"

"ನೀನು ಅಷ್ಟು ಆಸೆಯಿಂದ ಗೆರೆ ಎಳೀತಿದ್ದೆ. ಹೆಂಗೆ ಹೇಳಲಿ?"

ನಾಲ್ಕು ವಾರ ನಾನು ಚಕ್ರ ನೋಡಿದ್ದೆ, ಟೈರು ನೋಡಿದ್ದೆ, ಗಾಳಿಯ ದಿಕ್ಕು ನೋಡಿದ್ದೆ. ಎದುರಿಗೇ ಇದ್ದ ಅವನ ಕೈ ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಬರೆದಿಟ್ಟದ್ದು ನಮ್ಮಣ್ಣನ ಹೆದರಿಕೆಯನ್ನು, ಒಂದೊಂದು ದಿನಕ್ಕೆ ಎಷ್ಟೆಷ್ಟು ಎಂದು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅಷ್ಟರಲ್ಲಿ ಅಣ್ಣ ನನ್ನ ಮುಖ ನೋಡಿ, ಬಾಯಿಯ ಸುತ್ತ ಮೆತ್ತಿದ್ದ ಮಣ್ಣು ನೋಡಿ, ನಗಲು ಶುರುಮಾಡಿದ. ಮೊದಲು ಸಣ್ಣಗೆ, ಆಮೇಲೆ ಬದು ಹಿಡಿದುಕೊಂಡು. "ನೀನು ಕಿರುಚಿದ್ದು ಕುಶಾಲನಗರಕ್ಕೆ ಕೇಳಿರುತ್ತೆ!" ಎಂದ. ಅವನು ನಕ್ಕು ಎಷ್ಟು ದಿನವಾಗಿತ್ತೋ. ಕೊನೆಗೆ ನಾನೂ ನಕ್ಕೆ.

ನಗು ನಿಂತ ಮೇಲೆ ಅವನು ಎದ್ದು ಗಾಡಿಯನ್ನು ರಸ್ತೆಗೆ ಎಳೆದ. ಮಣ್ಣು ಒರೆಸಿದ. ಸೇತುವೆ ತನಕ ತಾನೇ ತಳ್ಳಿಕೊಂಡು ಹೋಗಿ ಕೂತ. ಕೈ ಎರಡನ್ನೂ ನಮಗೆ ಕಾಣುವ ಹಾಗೆ ಎತ್ತಿ ತೋರಿಸಿ, ಹಿಡಿಯ ಮೇಲೆ ಮೆಲ್ಲಗೆ ಇಟ್ಟ. ಬ್ರೇಕಿನ ಮೇಲೆ ಒಂದು ಬೆರಳೂ ಇರಲಿಲ್ಲ.

ಈ ಸಲ ಯಾರೂ ನೂಕಲಿಲ್ಲ. ಗಾಡಿ ತಾನಾಗಿಯೇ ಇಳಿಯಿತು. ನನ್ನ ಗೆರೆಗಳನ್ನೆಲ್ಲ ದಾಟಿತು, ನಾನು ಹೊಲಕ್ಕೆ ಇಳಿದ ಜಾಗವನ್ನೂ ದಾಟಿತು. ಇನ್ನೇನು ನಿಲ್ಲುತ್ತದೆ ಎನ್ನುವಾಗ ಅಣ್ಣನ ಕಾಲು ಆಡತೊಡಗಿತು. ಒಂದು, ಎರಡು, ಮೂರು ಸುತ್ತು. ಕೆಂಪು ಬಾವುಟ ನಾಲೆಯ ತಿರುವಿನಲ್ಲಿ ಒಂದು ಸಲ ಬಾಗಿ ಮರೆಯಾಯಿತು. ಹಿಂದೆ ಯಾವ ಚಕ್ರ ಇತ್ತು ಅವತ್ತು? ಇಪ್ಪತ್ತೋ ಇಪ್ಪತ್ತಾರೋ? ಎಷ್ಟು ನೆನಪು ಮಾಡಿಕೊಂಡರೂ ಬರುತ್ತಿಲ್ಲ. ಬಾಲನ್‌ನನ್ನು ಕೇಳಿದರೆ ಇಪ್ಪತ್ತು ಎನ್ನುತ್ತಾನೆ, ಅತ್ತಿಗೆ ಇಪ್ಪತ್ತಾರು ಎನ್ನುತ್ತಾರೆ.

ಐದು ನಿಮಿಷ ಕಾದೆವು. ಹತ್ತು ನಿಮಿಷ. ಕಾಲು ಗಂಟೆ. ಒಂದು ಪಕ್ಕ ನಾಲೆ, ನೀರು ತುಂಬಿದೆ. "ನೋಡ್ಕೊಂಡು ಬರ್ತೀನಿ ಅತ್ತಿಗೆ" ಎಂದು ಹೊರಟೆ. ಅತ್ತಿಗೆ ನನ್ನ ಕೈ ಹಿಡಿದು ಸೇತುವೆಯ ಕಟ್ಟೆಯ ಮೇಲೆ ಕೂರಿಸಿದರು.

"ಬರ್ತಾರೆ, ಕೂತ್ಕೋ" ಎಂದರು. ರಸ್ತೆಯ ಕಡೆಯೇ ನೋಡುತ್ತಿದ್ದರು. "ಮದುವೆಯಾದಾಗಿನಿಂದ ಇವ್ರು ಯಾವಾಗ ಬರ್ತಾರೋ ಅಂತ ಕಾಯೋದೇ ಆಗಿತ್ತು ನಂಗೆ. ಎಷ್ಟು ಬೈಕೊಂಡಿದೀನಿ. ಈ ಎರಡು ವರ್ಷ ಕಾಯೋ ಕೆಲಸವೇ ಇರ್ಲಿಲ್ಲ ಕಣೇ. ಯಾವಾಗ ತಿರುಗಿ ನೋಡಿದ್ರೂ ಅಲ್ಲೇ ಕೂತಿರ್ತಿದ್ರು." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇನ್ನೊಂದು ಸ್ವಲ್ಪ ಹೊತ್ತು ಕಾಯ್ತೀನಿ, ಇರು."

ಅಣ್ಣ ಬಂದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ, ಅದೂ ನಮ್ಮ ಹಿಂದಿನಿಂದ. ನಾಲೆಯಾಚೆಯ ಊರು ಸುತ್ತಿ, ದೊಡ್ಡ ರಸ್ತೆ ಹಿಡಿದು ಬಂದಿದ್ದ. ಮುಖ ಕೆಂಪಾಗಿ, ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ಎಲ್ಲಿಗೆ ಹೋಗಿದ್ರಿ?" ಎಂದರು ಅತ್ತಿಗೆ.

"ಎಲ್ಲಿಗೂ ಇಲ್ಲ. ರಸ್ತೆ ಇತ್ತು, ಹೋದೆ."

ಅತ್ತಿಗೆ ಬೈಯಲು ಶುರುಮಾಡಿದರು. ದೊಡ್ಡ ರಸ್ತೆಗೆ ಯಾಕೆ ಹೋದ್ರಿ, ಹೇಳಿ ಹೋಗಬಾರದಾ, ಒಂದು ತೊಟ್ಟು ನೀರಾದ್ರೂ ಕುಡಿದ್ರಾ, ಈ ಹುಡುಗಿ ಎಷ್ಟು ಹೆದರಿದ್ಲು ಗೊತ್ತಾ ಎಂದು ಮನೆಯ ತನಕ, ಗಾಡಿಯ ಪಕ್ಕದಲ್ಲೇ ನಡೆಯುತ್ತ, ಒಂದೇ ಸಮನೆ ಬೈದರು. ಅಣ್ಣ ಅವರ ನಡಿಗೆಗೆ ಸರಿಯಾಗಿ ನಿಧಾನಕ್ಕೆ ಪೆಡಲು ತುಳಿಯುತ್ತ, ಹೂಂ, ಹೂಂ ಎನ್ನುತ್ತ ಹೋದ.